ಒಂಬತ್ತು ಸೆಕೆಂಡಿನ ಮಾಪಣ್ಣ

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಇನ್ನೂ ಸನ್ಮಾನವಾಗದೆ ಉಳಿದಿರುವವರು ಇಬ್ಬರೇ. ಒಬ್ಬ ಸಭಾಂಗಣದ ಮೈಕ್ ಸೆಟ್ಟಿನವನು, ಇನ್ನೊಬ್ಬ ನಾನು. ಮೈಕಿನವನಿಗೆ ಕನ್ನಡ ಬರುವುದಿಲ್ಲ. ನನ್ನ ತೊಂದರೆ ಬೇರೆ. ಸನ್ಮಾನಿತರ ಬಿನ್ನವತ್ತಳೆ ಬರೆದು ಓದುವವನು ನಾನೇ ಆದ್ದರಿಂದ ನನ್ನದನ್ನು ನಾನೇ ಬರೆದುಕೊಳ್ಳಲು ನಾಚಿಕೆ, ಬೇರೆಯವರಿಗೆ ಬರೆಯಲು ಸೋಮಾರಿತನ. ಹೆಸರು ಹಯಗ್ರೀವ. ಊರು ರಾಯಚೂರು. ವಿಮಾ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ಈಗ ನಿವೃತ್ತ, ಸಂಘದ ಕಾಯಂ ಕಾರ್ಯದರ್ಶಿ.

ಮನುಷ್ಯನೊಬ್ಬನನ್ನು ಎರಡು ಪುಟದಲ್ಲಿ ದೊಡ್ಡವನನ್ನಾಗಿ ಮಾಡುವ ಕಲೆ ನನಗೆ ಕೈವಶವಾಗಿದೆ. ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಮನೆಯವರ ಮತ ಮಾತ್ರ ಪಡೆದವರನ್ನು 'ಜನಸಂಪರ್ಕದಲ್ಲಿ ನುರಿತ ಮುತ್ಸದ್ದಿ' ಎಂದು ಬರೆದಿದ್ದೇನೆ. ಒಂದೇ ಒಂದು ಕವನ ಬರೆದು ಅದನ್ನೂ ಕಳೆದುಕೊಂಡವರನ್ನು 'ಪ್ರಕಟಣೆಯ ಹಂಗಿಲ್ಲದ ಕವಿ' ಎಂದಿದ್ದೇನೆ. ಅವರೆಲ್ಲ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಫೋಟೋ ತೆಗೆಸಿಕೊಂಡು ಸುಖವಾಗಿ ಮನೆಗೆ ಹೋದರು. ಯಾರಿಗೂ ನಷ್ಟವಾಗಲಿಲ್ಲ. ಈ ಕಲೆಗೆ ಬಲಿಯಾದವನು ಮಾಪಣ್ಣನೊಬ್ಬನೇ. ಅವನ ನಿಜವಾದ ಪರಿಚಯವನ್ನು ಈಗ ಬರೆಯುತ್ತಿದ್ದೇನೆ. ಈ ಸಲ ಸಂಘ ಕೇಳಿಲ್ಲ, ಆದ್ದರಿಂದ ನಂಬಬಹುದು.

ಅವನು ನನಗೆ ಸಿಕ್ಕಿದ್ದು ಹದಿನೈದು ವರ್ಷದ ಹಿಂದೆ, ನಾನು ಠಾಣೆಯ ಕೋಪರಿಯ ಹಳೆಯ ಖೋಲಿ ಬಿಟ್ಟು ಡೊಂಬಿವಲಿಯ ನಾಲ್ಕನೆಯ ಮಹಡಿಗೆ ಬಂದಾಗ. ಆ ಕಟ್ಟಡದಲ್ಲಿ ಲಿಫ್ಟ್ ಇತ್ತು. ಲಿಫ್ಟಿನಲ್ಲಿ ಸಾಮಾನು ಒಯ್ಯಬಾರದು ಎಂಬ ಬೋರ್ಡೂ ಇತ್ತು. ನನ್ನ ಮಾವ ಕೊಟ್ಟ ಕಬ್ಬಿಣದ ಕಪಾಟನ್ನು ಇಬ್ಬರು ಹಮಾಲರು ಮೆಟ್ಟಿಲ ಮೇಲೆ ಹೊತ್ತು ತರುತ್ತಿದ್ದರು. ಮೂರನೆಯ ಮಹಡಿಯಲ್ಲಿ ಮೇಲಿನವನ ಕೈ ಜಾರಿತು. ಕೆಳಗಿನವನು ಕುಳ್ಳ, ಗಿಡ್ಡ ಕುತ್ತಿಗೆ, ಒಂದು ಹೆಗಲು ಇನ್ನೊಂದಕ್ಕಿಂತ ಸ್ವಲ್ಪ ಇಳಿದಿತ್ತು. ಅವನು ಕಪಾಟಿಗೆ ಕಟ್ಟಿದ್ದ ಗೋಣಿಯ ತುದಿಯನ್ನು ಮುಷ್ಟಿಯಲ್ಲಿ ಸುತ್ತಿ ತಿರುಚಿ ಹಿಡಿದು, ಅಷ್ಟು ಭಾರವನ್ನು ಒಂದೇ ಕೈಯಲ್ಲಿ ನಿಲ್ಲಿಸಿಬಿಟ್ಟ. ನನ್ನ ಮಾವನ ಬಗ್ಗೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಆದರೂ ಮೆಚ್ಚಿದೆ. ಇಂಥ ಹಿಡಿತ ಎಲ್ಲಿ ಕಲಿತೆ ಎಂದು ಕೇಳಿದೆ.

"ಶಹಾಡದಾಗ್ರಿ ಸರ. ಅಲ್ಲಿ ಗೋದಾಮಿನ್ಯಾಗ ಹಮಾಲಿ ಮಾಡ್ತಿದ್ದೆ. ಚೀಲದ ಕಿವಿ ಹಿಂಗ ಹಿಡಿತೀವ್ರಿ," ಎಂದ. ಆಮೇಲೆ ಉಸಿರು ತಿರುಗಿಸಿಕೊಳ್ಳುತ್ತ, ಹವಾಮಾನದ ಮಾತು ಆಡಿದಷ್ಟು ಸಹಜವಾಗಿ ಹೇಳಿದ, "ಇದ ಹಿಡಿತದ್ಲೆ ಉಜ್ಬೇಕಿನವನ ಕೂಡ ಆಡಿ ಹೆಗಲ ಮುರ್ಕೊಂಡೀನ್ರಿ."

ಕಪಾಟು ಮೆಟ್ಟಿಲ ಮೇಲೆಯೇ ನಿಂತಿತು. ನಾನು ಅವನನ್ನು ಅಲ್ಲೇ ಕೂಡಿಸಿಕೊಂಡು ಕಥೆ ಹೇಳಿಸಿದೆ.

ಮಾಪಣ್ಣ ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯವನು. ಹದಿನೆಂಟಕ್ಕೆ ಮಾವನ ಬೆನ್ನು ಹತ್ತಿ ಅಂಬರನಾಥಕ್ಕೆ ಬಂದು ಚಾಳಿನಲ್ಲಿ ಖೋಲಿ ಹಿಡಿದು, ಶಹಾಡ್ ಸ್ಟೇಷನ್ನಿನ ಹತ್ತಿರದ ಗೋದಾಮಿನಲ್ಲಿ ಚೀಲ ಹೊರತೊಡಗಿದ. ಅಲ್ಲಿ ಅಂಬಾದಾಸ ಎಂಬವರು ಟೈಮ್‌ಕೀಪರ್ ಆಗಿದ್ದರು. ಹಗಲು ಅವರು ಹಮಾಲರ ಹಾಜರಿ ಹಾಕುತ್ತಿದ್ದರು, ಬೆಳಿಗ್ಗೆ ಐದೂವರೆಗೆ ಕೋಪರಿಯ ಒಂದು ಮದುವೆ ಹಾಲಿನಲ್ಲಿ ಜೂಡೋ ಕಲಿಸುತ್ತಿದ್ದರು. ಲಗ್ನಸರಾಯಿ ಬಂದರೆ ಜೂಡೋ ಬಂದ್. ಲಾರಿಯಿಂದ ಜಾರಿದ ಚೀಲವೊಂದನ್ನು ಮಾಪಣ್ಣ ಗಾಳಿಯಲ್ಲೇ ಹಿಡಿದು ನಿಂತದ್ದನ್ನು ನೋಡಿ, ಅವರು ಅವನನ್ನು ಕರೆದುಕೊಂಡು ಹೋಗಿ ಬಿಳಿ ಅಂಗಿ ತೊಡಿಸಿದರು. ಜೂಡೋ ಎಂದರೆ ಎದುರಿನವನ ದಪ್ಪ ಅಂಗಿಯನ್ನು ಹಿಡಿದು ಅವನನ್ನು ಬೆನ್ನ ಮೇಲೆ ಕೆಡವುವ ಆಟ. ಪೂರಾ ಬೆನ್ನು ಬಿದ್ದರೆ ಪಂದ್ಯ ಮುಗಿಯಿತು. ಹೀಗಾಗಿ ಕಲಿಯುವವರಿಗೆ ಮೊದಲು ಕಲಿಸುವುದು ಕೆಡವುವುದನ್ನಲ್ಲ, ಬೀಳುವುದನ್ನು. ಬೀಳುವಾಗ ಹಿಡಿತ ಬಿಟ್ಟು ಅಂಗೈಯಿಂದ ಚಾಪೆಯನ್ನು ಬಡಿಯಬೇಕು. ಆಗ ಪೆಟ್ಟು ಮೈಗೆ ಹತ್ತುವುದಿಲ್ಲ.

ಮಾಪಣ್ಣ ಎಲ್ಲವನ್ನೂ ಕಲಿತ, ಇದೊಂದನ್ನು ಬಿಟ್ಟು.

ಮರುವರ್ಷ ಠಾಣೆಯಲ್ಲಿ ಆಹ್ವಾನಿತರ ಪಂದ್ಯಾವಳಿ ನಡೆಯಿತು. ಉಜ್ಬೇಕಿಸ್ತಾನದಿಂದಲೂ ಹುಡುಗರ ತಂಡ ಬಂದಿತ್ತು. ಅರವತ್ತಾರು ಕೆಜಿ ವಿಭಾಗದ ನಮ್ಮ ಸ್ಪರ್ಧಿಗೆ ಕಾಮಣಿಯಾಗಿ ಹಾಸಿಗೆ ಹಿಡಿದದ್ದರಿಂದ, ಕಲಿತು ಹದಿಮೂರು ತಿಂಗಳೂ ಆಗದ ಮಾಪಣ್ಣನನ್ನು ಅಂಬಾದಾಸ ಮಾಸ್ತರರು ಆ ಜಾಗಕ್ಕೆ ತುಂಬಿದರು. ಎದುರಿಗೆ ಕಾರ್ಶಿ ಎಂಬ ಊರಿನ ಹದಿನೆಂಟು ವರ್ಷದ ಹುಡುಗ, ನೋದಿರ್ ಕುಚ್ಕೋರೋವ್. ಅವನ ಮೊದಲ ವಿದೇಶ ಪ್ರವಾಸ ಅದು. ತೀರ್ಪುಗಾರರು ಶುರು ಎಂದರು. ಮಾಪಣ್ಣ ಹುಡುಗನ ತೋಳಿನ ಬಟ್ಟೆಯನ್ನು ಚೀಲದ ಕಿವಿಯ ಹಾಗೆ ಸುತ್ತಿ ತಿರುಚಿ ಹಿಡಿದ. ಹುಡುಗ ಎರಡು ಸಲ ಕೊಡವಿದ, ಇವನು ಬಿಡಲಿಲ್ಲ. ಮೂರನೆಯ ಸಲ ಹುಡುಗ ತಿರುಗಿ ಸೊಂಟದ ಮೇಲೆ ಎತ್ತಿ ಒಗೆದ. ಆಗಲೂ ಮಾಪಣ್ಣ ಬಿಡಲಿಲ್ಲ. ಆ ಹುಡುಗನನ್ನೂ ಎಳೆದುಕೊಂಡೇ ಬಿದ್ದ. ಮೇಲೆ ಅರವತ್ತಾರು ಕೆಜಿ ಬಿತ್ತು, ಹೆಗಲಿನ ಮುಂದಿನ ಎಲುಬು ಲಟಕ್ಕೆಂದಿತು. ಇಬ್ಬರು ಬಂದು ಅವನ ಬೆರಳುಗಳನ್ನು ಬಿಡಿಸಬೇಕಾಯಿತು. ತೋಳಿನ ಅಂಚಿನ ಬಟ್ಟೆ ಹರಿದು ಅವನ ಮುಷ್ಟಿಯಲ್ಲೇ ಉಳಿಯಿತು. ಆಗಷ್ಟೇ ಮದುವೆಯಾಗಿ ಬಂದಿದ್ದ ಹೆಂಡತಿ ಸಾಬವ್ವ ಬಟ್ಟೆ ಗಟ್ಟಿ ಅದ ಎಂದು ಅದನ್ನು ಕೌದಿಗೆ ಸೇರಿಸಿ ಹೊಲಿದಳು. ಯಾವ ತುಂಡು ಯಾವುದೆಂದು ಈಗ ಅವಳಿಗೂ ಗೊತ್ತಿಲ್ಲ.

"ಎಷ್ಟೊತ್ತು ನಡೀತು ಆಟ?" ಎಂದು ಕೇಳಿದೆ.

"ಒಂಬತ್ತು ಸೆಕೆಂಡ್ ರಿ."

ಕಪಾಟು ನನ್ನ ಮನೆ ಸೇರಿದ ಆ ವರ್ಷ ರಾಜ್ಯೋತ್ಸವದ ಸನ್ಮಾನಪಟ್ಟಿಯಲ್ಲಿ ಕ್ರೀಡಾ ವಿಭಾಗ ಖಾಲಿ ಇತ್ತು. ನಾವು ನಂಬಿಕೊಂಡಿದ್ದ ಕೇರಂ ಆಟಗಾರನನ್ನು ಮುಲುಂಡಿನ ಸಂಘದವರು ಎಗರಿಸಿಕೊಂಡು ಹೋಗಿದ್ದರು. ಅದೇ ಹೊತ್ತಿಗೆ ಅಂಬಾದಾಸ ಮಾಸ್ತರರಿಂದ ಸುದ್ದಿ ಬಂತು. ಆ ನೋದಿರ್ ಏಷ್ಯಾ ಮಟ್ಟದಲ್ಲಿ ಕಂಚು ಗೆದ್ದನಂತೆ. ನನ್ನ ಕೈ ತುರಿಸತೊಡಗಿತು. 'ಏಷ್ಯಾ ಪದಕ ವಿಜೇತನೊಡನೆ ಕೊನೆಯ ಕ್ಷಣದವರೆಗೂ ಸೆಣಸಿದ ಕನ್ನಡಿಗ' ಎಂದು ಬರೆದೆ. ಇದರಲ್ಲಿ ಸುಳ್ಳೇನಿಲ್ಲ, ಕೊನೆಯ ಕ್ಷಣ ಯಾವುದೆಂದು ನಾನು ಹೇಳಲಿಲ್ಲ, ಅಷ್ಟೆ. ಜನ ಚಪ್ಪಾಳೆ ತಟ್ಟಿದರು. ಮಾಪಣ್ಣ ಶಾಲಿನೊಳಗೆ ಕುಗ್ಗಿ ನಿಂತಿದ್ದ. ಅದನ್ನು ನಾವು ವಿನಯ ಎಂದು ತಿಳಿದೆವು.

ಅಲ್ಲಿಂದ ಮುಂದೆ ನೋದಿರ್ ಅಲ್ಲಿ ಗೆದ್ದಂತೆಲ್ಲ ಮಾಪಣ್ಣ ಇಲ್ಲಿ ಮೇಲೇರಿದ. ಕಂಚಿಗೆ ಅವನಿಗೆ ಸಭಾಂಗಣದ ಮೂರನೆಯ ಸಾಲು ಸಿಕ್ಕಿತ್ತು. ಎರಡು ವರ್ಷಕ್ಕೆ ನೋದಿರ್ ಚಿನ್ನ ಗೆದ್ದಾಗ ಮೊದಲ ಸಾಲಿನ ಕುರ್ಚಿ. ಜಗತ್ತಿನ ಪಂದ್ಯಾವಳಿಯಲ್ಲಿ ಬೆಳ್ಳಿ ಬಂದಾಗ ವೇದಿಕೆಯ ಮೇಲೆಯೇ ಜಾಗ, ನೀರಿನ ಬಾಟಲಿ ಸಮೇತ. ಅವನ ಉದ್ಯೋಗವೇನೂ ಬದಲಾಗಿರಲಿಲ್ಲ. ವೇದಿಕೆಯಿಂದಿಳಿದು ಸೀದಾ ಯಾರದೋ ಸೋಫಾ ಹೊರಲು ಹೋಗುತ್ತಿದ್ದ. ಆ ಬೆಳ್ಳಿಯ ವರ್ಷವೇ ನಾನು ಆ ಪಾಪದ ಕೆಲಸ ಮಾಡಿದ್ದು. ಬೆಳ್ಳಿಯವನ ಎದುರಾಳಿಗೆ 'ಕೊನೆಯ ಕ್ಷಣದವರೆಗೆ' ಎಂಬುದು ಸಪ್ಪೆ ಎನ್ನಿಸಿ, 'ಐದು ನಿಮಿಷದ ಪಂದ್ಯದಲ್ಲಿ ನಾಲ್ಕು ನಿಮಿಷ ನಲವತ್ತು ಸೆಕೆಂಡು' ಎಂದು ಓದಿದೆ. ನಾಲ್ಕೂವರೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಗುಮಾಸ್ತನಾಗಿ ನಾನು ಕಲಿತ ಒಂದೇ ವಿದ್ಯೆ ಇದು. ಸುಳ್ಳಿಗೆ ಚಿಲ್ಲರೆ ಇರಬೇಕು.

ಅಂದು ಮೊದಲ ಸಾಲಿನಲ್ಲಿ ಸಾಬವ್ವನ ತೊಡೆಯ ಮೇಲೆ ಆರು ವರ್ಷದ ಮಗಳು ಜ್ಯೋತಿ ಕುಳಿತಿದ್ದಳು. ಚಪ್ಪಾಳೆ ನಿಂತ ಮೇಲೂ ಅವಳೊಬ್ಬಳು ತಟ್ಟುತ್ತಲೇ ಇದ್ದಳು. ಕಾರ್ಯಕ್ರಮ ಮುಗಿದ ಮೇಲೆ ಮಾಪಣ್ಣ ನನ್ನ ಹತ್ತಿರ ಬಂದು, "ಸರ, ಅದು ಒಂಬತ್ತು ಸೆಕೆಂಡ್ ಇತ್ತಲ್ರಿ," ಎಂದ. ನಾನು, "ಇರಲಿ ಬಿಡೊ, ಯಾರು ಗಡಿಯಾರ ಹಿಡ್ಕೊಂಡು ಕೂತಾರ?" ಎಂದೆ.

ಗಡಿಯಾರ ಹಿಡಿದು ಕೂತವಳು ಅವನ ಮಗಳೇ ಆದಳು. ಎಂಟು ವರ್ಷಕ್ಕೆ ಅಪ್ಪನ ಬೆನ್ನು ಹತ್ತಿ ಅಂಬಾದಾಸ ಮಾಸ್ತರರ ಬಳಿ ಜೂಡೋ ಕಲಿಯಲು ಹೋದಳು. ಮನೆಯಲ್ಲಿ ಅಪ್ಪ ಮಗಳು ಟವೆಲಿನ ಎರಡು ತುದಿ ಹಿಡಿದು ಜಗ್ಗಾಡುವುದೇ ಆಟ. ಹೀಗಾಗಿ ಚೀಲದ ಕಿವಿಯ ಹಿಡಿತ ಅವಳಿಗೂ ಬಂತು. ಕನ್ನಡ ಮಾತ್ರ ಬರಲಿಲ್ಲ. ಅಂದರೆ ಬರುತ್ತಿತ್ತು, ಆಡುತ್ತಿರಲಿಲ್ಲ. ಸಾಬವ್ವ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಹದಿನಾರಕ್ಕೆ ರಾಜ್ಯಮಟ್ಟಕ್ಕೆ ಹೋದಳು. ಆಕೆಯ ಬಿಳಿ ಅಂಗಿಯ ಮೇಲೆ ಕಟ್ಟುವ ಪಟ್ಟಿಯ ಒಳಬದಿಯಲ್ಲಿ ನೀಲಿ ಪೆನ್ನಿನಿಂದ '೪:೪೦' ಎಂದು ಬರೆದುಕೊಂಡಿದ್ದಾಳೆಂದು ಒಮ್ಮೆ ಮಾಪಣ್ಣ ಹೇಳಿದ. ಬೇಗ ಸೋತ ದಿನ ಅದನ್ನು ನೋಡಿ ಅಳುತ್ತಿದ್ದಳಂತೆ. ಅಪ್ಪ ಹಮಾಲಿ ಮಾಡುತ್ತ ಅಷ್ಟು ಹೊತ್ತು ನಿಂತ, ತಾನು ಹಾಲು ಕುಡಿದು ಇಷ್ಟೇ ಹೊತ್ತು ನಿಂತೆ ಎಂದು. ಅದನ್ನು ಹೇಳುವಾಗ ಮಾಪಣ್ಣ ನನ್ನ ಮುಖ ನೋಡಲಿಲ್ಲ. ನಾನು ವಿಷಯ ಬದಲಿಸಿದೆ.

ನಡುವೆ ಒಂದು ಕೆಟ್ಟ ಕಾಲವೂ ಬಂದಿತ್ತು. ನೋದಿರ್ ಮೊಣಕಾಲು ತಿರುಚಿಕೊಂಡು ದೊಡ್ಡ ಕೂಟವೊಂದರ ಮೊದಲ ಸುತ್ತಿನಲ್ಲೇ ಸೋತ. ಕೂಡಲೇ ನಮ್ಮ ಅಧ್ಯಕ್ಷರು ಮಾಪಣ್ಣನ ಹೆಸರನ್ನು ಆಮಂತ್ರಣ ಪತ್ರಿಕೆಯಿಂದ ತೆಗೆಸಿದರು. ಅಧ್ಯಕ್ಷರು ಧರ್ಮಪಾಲ, ಕರಾವಳಿಯವರು, ಕಲ್ಯಾಣದಲ್ಲಿ ಎರಡು ಹೋಟೆಲು. "ಸೋತವನಿಗೆ ಸೋತವ, ಅಂಥವನನ್ನು ವೇದಿಕೆಗೆ ಕರೀಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದರು. ತರ್ಕ ಸರಿಯಾಗಿಯೇ ಇತ್ತು. ಸಾಬವ್ವ ಮಾತ್ರ ಅಂಬರನಾಥನ ಗುಡಿಗೆ ಹೋಗಿ ನೋದಿರನ ಮೊಣಕಾಲಿನ ಹೆಸರಿನಲ್ಲಿ ಕಾಯಿ ಒಡೆಸಿದಳು. "ನಾದಿರಸಾಬನ ಕಾಲು ನೆಟ್ಟಗಾಗ್ಲಿ, ನನ್ನ ಗಂಡನ ಎಲುಬು ಮುರದ್ರೂ ಮನುಷ್ಯಾ ಛಲೊ ಇದ್ದಾನ," ಎಂದಳಂತೆ. ಪೂಜಾರಿ ಗೋತ್ರ ಕೇಳಲಿಲ್ಲ, ಪುಣ್ಯ. ಮೊಣಕಾಲು ಸರಿಯಾಯಿತು, ನೋದಿರ್ ಇನ್ನೊಂದು ಕಂಚು ಗೆದ್ದು ನಿವೃತ್ತನಾದ, ಮಾಪಣ್ಣ ವೇದಿಕೆಗೆ ಮರಳಿದ.

ಹೋದ ಡಿಸೆಂಬರಿನಲ್ಲಿ ನವಿ ಮುಂಬಯಿಯ ಒಂದು ಖಾಸಗಿ ಕ್ರೀಡಾ ಶಾಲೆಯವರು ನೋದಿರ್‌ನನ್ನು ನಾಲ್ಕು ದಿನದ ಶಿಬಿರಕ್ಕೆ ಕರೆಸಿದರು. ಜ್ಯೋತಿ ಶಿಬಿರಕ್ಕೆ ಆಯ್ಕೆಯಾದಳು. ಸುದ್ದಿ ಧರ್ಮಪಾಲರ ಕಿವಿಗೆ ಬಿದ್ದದ್ದೇ ತಡ, ಮೂರನೆಯ ದಿನ ಸಂಜೆ ಡೊಂಬಿವಲಿಯಲ್ಲಿ ಕಾರ್ಯಕ್ರಮ ನಿಕ್ಕಿಯಾಯಿತು. 'ಹಳೆಯ ಎದುರಾಳಿಗಳ ಅಪೂರ್ವ ಸಮಾಗಮ' ಎಂದು ಕಾರ್ಡು ಅಚ್ಚಾಯಿತು. ಕೆಳಗೆ ನಲವತ್ತೆರಡು ಹೆಸರುಗಳು, ಉಪಸ್ಥಿತಿ, ಉಪಸ್ಥಿತಿ, ಗೌರವ ಉಪಸ್ಥಿತಿ. ಮಾಪಣ್ಣನ ಹೆಸರಿನ ಪಕ್ಕ ಕಂಸದಲ್ಲಿ ನಾಲ್ಕು ನಿಮಿಷ ನಲವತ್ತು ಸೆಕೆಂಡು.

ಕಾರ್ಡು ಹಿಡಿದುಕೊಂಡು ಅವನು ನನ್ನ ಮನೆಗೆ ಬಂದ. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತ.

"ಸರ, ಇದನ್ನ ನಿಲ್ಲಸ್ರಿ. ಆ ಮನುಷ್ಯಾ ಬರ್ತಾನ, ಜ್ಯೋತಿ ಮುಂದ ಕೂತಿರ್ತಾಳ. ಆತ ಖರೇ ಹೇಳಿದ ಅಂದ್ರ ಆಕೀಗಿ ನಾ ಏನಾಗ್ತೀನ್ರಿ?"

"ಕಾರ್ಡ್ ಛಾಪ್ಸಿ ಆಗ್ಯದಲ್ಲೊ ಮಾಪಣ್ಣ. ಅವಗ ಎಲ್ಲಿ ನೆಪ್ಪಿರ್ತದ? ಸಾವಿರಾರು ಮಂದೀನ ಒಗದಾನ."

ಅವನು ಕಾರ್ಡು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಸಿಟ್ಟಿಲ್ಲದೆ ಹೇಳಿದ, "ಆ ಒಂಬತ್ತು ಸೆಕೆಂಡ್ ನಂದ್ರಿ ಸರ. ನಾಕು ನಿಮಿಷ ನಿಮ್ದು. ನಿಮ್ದನ್ನ ನಾ ಇಷ್ಟು ವರ್ಷ ಹೊತ್ತೀನಿ."

ನನಗೆ ಸಿಟ್ಟು ಬಂತು. ನಿಜ ಹೇಳುವವರ ಮೇಲೆ ಬರುವ ಸಿಟ್ಟು ಅದು, ಬೇರೆ ಯಾವುದಕ್ಕಿಂತಲೂ ಜೋರಾಗಿರುತ್ತದೆ. ಮೆರೆಸಿದವನ ಮೇಲೆಯೇ ತಿರುಗಿಬಿದ್ದ ಎಂದುಕೊಂಡು ಬಾಗಿಲು ಹಾಕಿಕೊಂಡೆ. ಆಮೇಲೆ ಕೂತು ಬಿನ್ನವತ್ತಳೆಗೆ ಇನ್ನೊಂದು ಪುಟ ಸೇರಿಸಿದೆ.

ಕಾರ್ಯಕ್ರಮದ ದಿನ ನೋದಿರ್ ಬಂದ. ಮೂವತ್ತೇಳರ ಗಟ್ಟಿ ಆಳು, ಎರಡೂ ಕಿವಿ ಉಬ್ಬಿ ಮುದುರಿದ್ದವು, ಕುಂಕುಮ ಹಚ್ಚಿದಾಗ ಸುಮ್ಮನೆ ಹಣೆ ಕೊಟ್ಟ. ಜೊತೆಯಲ್ಲಿ ಶಿಬಿರದ ವೈದ್ಯೆ ಪೂಜಿತಾ ಇದ್ದಳು. ತಾಷ್ಕೆಂಟಿನಲ್ಲಿ ಡಾಕ್ಟರಿಕೆ ಓದಿ ಬಂದವಳು, ಅವರ ಭಾಷೆ ಬಲ್ಲವಳು, ಕನ್ನಡವೂ ಬರುತ್ತಿತ್ತು. ನೋದಿರ್‌ಗೆ ಎಲ್ಲವನ್ನೂ ಕಿವಿಯಲ್ಲಿ ಹೇಳುವ ಕೆಲಸ ಅವಳದು. ಎರಡನೆಯ ಸಾಲಿನಲ್ಲಿ ಶಿಬಿರದ ಹುಡುಗಿಯರ ನಡುವೆ ಜ್ಯೋತಿ ಕುಳಿತಿದ್ದಳು. ಸಾಬವ್ವ ಅವಳ ಹಿಂದೆ. ಮಾಪಣ್ಣ ವೇದಿಕೆಯ ತುದಿಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಂದು ಒಂದೂವರೆ ಗಂಟೆ ಹೋಯಿತು. ನೋದಿರ್ ಕದಲದೆ ಕೂತಿದ್ದ. ವಿಶ್ವಮಟ್ಟದ ಆಟಗಾರನ ತಾಳ್ಮೆ ಏನೆಂದು ನನಗೆ ಅಂದು ಗೊತ್ತಾಯಿತು. ನಾನು ಎದ್ದು ಬಿನ್ನವತ್ತಳೆ ಓದಿದೆ. ನಾಲ್ಕು ನಿಮಿಷ ನಲವತ್ತು ಸೆಕೆಂಡು ಬಂದಾಗ ದನಿ ಏರಿಸಿದೆ. ಪೂಜಿತಾ ಕಿವಿಯಲ್ಲಿ ಹೇಳಿದಳು. ನೋದಿರ್ ಹುಬ್ಬು ಗಂಟಿಕ್ಕಿ ಮಾಪಣ್ಣನನ್ನು ನೋಡಿದ. ಗುರುತೇನೂ ಸಿಕ್ಕಲಿಲ್ಲ. ತಲೆ ಅಲ್ಲಾಡಿಸಿ ಏನೋ ಅಂದ. ಪೂಜಿತಾ ಮೈಕಿನ ಹತ್ತಿರವೇ ಇದ್ದಳು, ಹುಡುಗಿಗೆ ಸಂಘದ ಅನುಭವ ಸಾಲದು. "ಸರ್ ಹೇಳ್ತಿದ್ದಾರೆ, ಆ ಟೂರ್ನಮೆಂಟಲ್ಲಿ ಅವರ ಒಂದು ಪಂದ್ಯ ಕೂಡ ಒಂದು ನಿಮಿಷ ದಾಟ್ಲಿಲ್ಲವಂತೆ," ಎಂದುಬಿಟ್ಟಳು.

ಧರ್ಮಪಾಲರು ನನ್ನ ಕಡೆ ಬಗ್ಗಿ, "ಎಂಥದು ಹೇಳುದು ಅವ?" ಎಂದರು.

"ನಮ್ರತೆ," ಎಂದೆ.

ಅವರು ಕೈ ಎತ್ತಿ ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. ನಮ್ಮ ಸಭೆಯಲ್ಲಿ ಮುಳುಗಿಹೋಗದ ಸತ್ಯ ಇನ್ನೂ ಹುಟ್ಟಿಲ್ಲ. ಎಲ್ಲ ಸುರಳೀತವಾಯಿತು ಎಂದು ನಾನು ಉಸಿರು ಬಿಟ್ಟೆ. ತಟ್ಟದೆ ಕೂತವಳು ಒಬ್ಬಳೇ. ಜ್ಯೋತಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ಅತಿಥಿಗೆ ಎದುರಾಳಿಯ ಕೈಯಿಂದಲೇ ಶಾಲು ಎಂದು ಮೊದಲೇ ಗೊತ್ತಾಗಿತ್ತು. ಮಾಪಣ್ಣ ಶಾಲು ಹಿಡಿದು ನೋದಿರ್‌ನ ಮುಂದೆ ಬಂದು ನಿಂತ. ಆದರೆ ಹೊದೆಸಲಿಲ್ಲ. ಮೈಕಿನ ಕಡೆ ತಿರುಗಿದ.

"ಒಂಬತ್ತು ಸೆಕೆಂಡ್ ರಿ," ಎಂದ. "ನಾಕು ನಿಮಿಷ ಸುಳ್ಳದ. ಒಂಬತ್ತ ಸೆಕೆಂಡಿಗೆ ಈತ ನನ್ನ ಒಗದಾನ. ಜ್ಯೋತಿ, ತಪ್ಪಾತವ್ವ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ."

ಇಷ್ಟು ಹೊತ್ತು ಹಿಂದೆ ವಡೆಯ ವಾಸನೆಗೆ ಗಮನ ಕೊಟ್ಟಿದ್ದವರೂ ವೇದಿಕೆಯ ಕಡೆ ತಿರುಗಿದರು. ಯಾರ ಹೆಸರನ್ನೂ ಅವನು ಹೇಳಲಿಲ್ಲ. ಸುಳ್ಳದ ಎಂದನೇ ಹೊರತು ಹಯಗ್ರೀವ ಸರ್ ಬರೆದದ್ದು ಎನ್ನಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಕೈಯಲ್ಲಿ ಮೂರು ಪುಟ ಹಿಡಿದುಕೊಂಡು ನಿಂತೇ ಇದ್ದೆ, ಅವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದೆ.

ಆಮೇಲೆ ಮಾಪಣ್ಣ ಶಾಲು ಹೊದೆಸಿದ. ಎರಡು ತುದಿಯನ್ನೂ ಎದೆಯ ಮುಂದೆ ತಂದು ಒಪ್ಪ ಮಾಡುವಾಗ ಅವನ ಬಲಗೈ ತನ್ನಷ್ಟಕ್ಕೆ ತುದಿಯನ್ನು ಸುತ್ತಿ, ತಿರುಚಿ, ಬಿಗಿಯಾಗಿ ಹಿಡಿಯಿತು. ಚೀಲದ ಕಿವಿ. ನೋದಿರ್ ತಲೆ ತಗ್ಗಿಸಿ ಆ ಮುಷ್ಟಿಯನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಜೋರಾಗಿ ನಕ್ಕು ಮಾತಾಡತೊಡಗಿದ. ಪೂಜಿತಾ ಓಡೋಡಿ ಅನುವಾದ ಮಾಡಿದಳು.

"ಮುಖ ನೆನಪಿಲ್ಲವಂತೆ. ಈ ಕೈ ನೆನಪಿದೆಯಂತೆ. ಒಗೆಸಿಕೊಂಡವರೆಲ್ಲ ಬಿಟ್ಟುಬಿಡ್ತಾರೆ, ಇವರೊಬ್ಬರು ಬಿಡ್ಲಿಲ್ಲವಂತೆ. ಹರಿದ ಅಂಗಿ ನೋಡಿ ಕೋಚ್ ಬೈದು, ಆ ಹಿಡಿತ ಬಿಡಿಸೋದನ್ನು ಎರಡು ವರ್ಷ ಅಭ್ಯಾಸ ಮಾಡಿಸಿದ್ರಂತೆ. ಆಮೇಲೆ..." ಇಲ್ಲಿ ಅವಳು ತಡೆದಳು. "ಇವರು ಬೀಳೋದನ್ನು ಕಲಿತಿದ್ದಾರಾ ಅಂತ ಕೇಳ್ತಿದ್ದಾರೆ. ಶಿಬಿರದಲ್ಲಿ ಒಬ್ಬ ಹುಡುಗೀಗೂ ಇದೇ ರೋಗ ಇದೆಯಂತೆ."

ಎರಡನೆಯ ಸಾಲಿನಲ್ಲಿ ಜ್ಯೋತಿಯ ಕುರ್ಚಿ ಖಾಲಿಯಾಗಿತ್ತು.

ಕಾರ್ಯಕ್ರಮ ಮುಂದುವರಿಯಿತು, ಇನ್ನೂ ಹದಿನೇಳು ಜನರ ಸನ್ಮಾನ ಬಾಕಿ ಇತ್ತು. ನಾನು ಬಿನ್ನವತ್ತಳೆಗಳನ್ನು ಧರ್ಮಪಾಲರ ಕೈಗೆ ತುರುಕಿ ಮಾಪಣ್ಣ ಸಾಬವ್ವರ ಹಿಂದೆ ಸ್ಟೇಷನ್ನಿನ ಕಡೆ ಹೋದೆ. ಜ್ಯೋತಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕುಳಿತಿದ್ದಳು. ಅಂಬರನಾಥದ ಗಾಡಿಯೊಂದು ಬಂದು ಹೋಯಿತು, ಹತ್ತಲಿಲ್ಲ. ನಾನು ಅವಳ ಮುಂದೆ ನಿಂತು ಹೇಳಿದೆ. ಮೂವತ್ತು ವರ್ಷ ಮೈಕಿನ ಮುಂದೆ ನಿಂತವನ ಅತಿ ಚಿಕ್ಕ ಭಾಷಣ ಅದು. ನಾಲ್ಕು ನಲವತ್ತು ಬರೆದವನು ನಾನು, ನಿನ್ನಪ್ಪ ಬೇಡ ಎಂದಿದ್ದ, ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಕಲ್, ಆಪ್‌ಕೋ ಜೂಡೋ ಆತಾ ಹೈ?"

ಬರುವುದಿಲ್ಲ ಎಂದೆ.

ಅದಕ್ಕಿಂತ ಹೆಚ್ಚು ಬೈಗುಳ ಅವಳಿಗೆ ಬೇಕಾಗಲಿಲ್ಲ. ಅಪ್ಪನ ಕಡೆ ತಿರುಗಿದಳು. "ಪಪ್ಪಾ, ಛೋಡಾ ಕ್ಯೂಂ ನಹೀ?" ಎಂದಳು. ಸೋತದ್ದು ಯಾಕೆ ಎಂದಲ್ಲ, ಸುಳ್ಳು ಯಾಕೆ ಎಂದೂ ಅಲ್ಲ. ಬಿಡಲಿಲ್ಲ ಯಾಕೆ ಎಂದು.

ಮಾಪಣ್ಣ ತನ್ನ ಅಂಗೈ ನೋಡಿಕೊಂಡ. "ಬಿಟ್ರ ಚೀಲ ಒಡಿತದಲ್ಲವ್ವ. ಬಿಡಬೇಕು ಅಂತ ಗೊತ್ತಿತ್ತು. ಕೈಗೆ ಗೊತ್ತಿರ್ಲಿಲ್ಲ."

ಮುಂದಿನ ಗಾಡಿ ಬಂದಾಗ ಜ್ಯೋತಿ ಎದ್ದು, ಅಪ್ಪನ ಇಳಿದ ಹೆಗಲ ಕಡೆಗೆ ನಿಂತು, ಗದ್ದಲದಲ್ಲಿ ಅವನಿಗೆ ದಾರಿ ಮಾಡಿಕೊಂಡು ಹತ್ತಿದಳು. ನಾನು ಮನೆಗೆ ಹೋದೆ. ಹೆಂಡತಿ ಕಾರ್ಯಕ್ರಮ ಹೇಗಾಯಿತು ಎಂದರೆ ಚೆನ್ನಾಗಾಯಿತು ಎಂದೆ. ಅಭ್ಯಾಸ.

ಮರುದಿನ ಶಿಬಿರದ ಕೊನೆಯ ದಿನ. ನೋದಿರ್ ಆ ಹಮಾಲನನ್ನು ಕರೆತರಲೇಬೇಕು ಎಂದು ಪೂಜಿತಾಳಿಂದ ಫೋನು ಮಾಡಿಸಿದ್ದ. ಮಾಪಣ್ಣ ಒಬ್ಬನೇ ಹೋಗಲು ಹೆದರಿದ, ನನ್ನನ್ನು ಕರೆದ. ಕರೆಯುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ನೆರೂಳಕ್ಕೆ, ಶಿಬಿರದ ಜಾಗಕ್ಕೆ, ಹೋದೆವು.

ಅಲ್ಲಿ ಚಾಪೆಯ ಸುತ್ತ ನಲವತ್ತು ಮಕ್ಕಳು ಕುಳಿತಿದ್ದರು. ಯಾರದೋ ಬಿಳಿ ಅಂಗಿಯನ್ನು ಮಾಪಣ್ಣನಿಗೆ ತೊಡಿಸಿದರು, ಹೊಟ್ಟೆಯ ಮೇಲೆ ಕೂಡಿಕೊಳ್ಳಲಿಲ್ಲ. ಜ್ಯೋತಿ ಬಂದು ಪಟ್ಟಿ ಕಟ್ಟಿದಳು. ಅವಳದೇ ಪಟ್ಟಿ. ಒಳಬದಿಯ ೪:೪೦ರ ಮೇಲೆ ಗೀಟು ಎಳೆದು ಪಕ್ಕದಲ್ಲಿ ೯ ಎಂದು ಬರೆದಿದ್ದಳು. ಅವನು ಅದನ್ನು ನೋಡಿದ. ಅವನು ನೋಡಲಿ ಎಂದೇ ಅವಳು ಹಾಗೆ ತಿರುವಿ ಹಿಡಿದಿದ್ದಳು.

ನೋದಿರ್ ಅವನಿಗೆ ಬೀಳುವುದನ್ನು ಕಲಿಸಿದ. ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸಿದ. ಮಾಪಣ್ಣ ಬಿಡಲಿಲ್ಲ. ಇನ್ನೊಮ್ಮೆ, ಬಿಡಲಿಲ್ಲ. ಐದು ಸಲ, ಆರು ಸಲ. ನಲವತ್ತೊಂದರ ಮನುಷ್ಯ ಬೆವರಿ ಮಕ್ಕಳ ಮುಂದೆ ಮತ್ತೆ ಮತ್ತೆ ಎದ್ದು ನಿಂತ. ಪಕ್ಕದಲ್ಲಿ ನಿಂತು ಜ್ಯೋತಿ ಕೈ ಬಿಡುವುದನ್ನು ತಾನೂ ಗಾಳಿಯಲ್ಲಿ ಮಾಡಿ ಮಾಡಿ ತೋರಿಸುತ್ತಿದ್ದಳು, ಅವಳೂ ಅದನ್ನು ಕಲಿತದ್ದು ಈ ನಾಲ್ಕು ದಿನದಲ್ಲೇ.

ಕೊನೆಗೆ ನೋದಿರ್ ಈಗ ಪಂದ್ಯ ಎಂದ. ಇಬ್ಬರೂ ಬಗ್ಗಿ ವಂದಿಸಿದರು. ಮಾಪಣ್ಣ ತೋಳಿನ ಬಟ್ಟೆಯನ್ನು ಸುತ್ತಿ ತಿರುಚಿ ಹಿಡಿದ. ಜ್ಯೋತಿ ಎಣಿಸತೊಡಗಿದಳು, ಜೋರಾಗಿ, ಕನ್ನಡದಲ್ಲಿ. ನಾನು ಅವಳ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು. ಒಂದು, ಎರಡು, ಮೂರು. ನೋದಿರ್ ಕೊಡವಿದ. ನಾಲ್ಕು, ಐದು. ಎಳೆದ, ತಳ್ಳಿದ, ಮಾಪಣ್ಣ ಕಾಲು ಊರಿ ನಿಂತ. ಆರು, ಏಳು, ಎಂಟು. ಒಂಬತ್ತು ಎನ್ನುವಾಗ ಅವಳ ದನಿ ಸ್ವಲ್ಪ ಅಳುಕಿತು. ಹತ್ತು ಎಂದಳು. ಅದನ್ನು ಹೇಳಿ ಅವಳು ಅತ್ತಳು, ಅಳುತ್ತಲೇ ಹನ್ನೊಂದು ಎಂದಳು, ಆಗ ನೋದಿರ್ ತಿರುಗಿ ಎತ್ತಿ ಒಗೆದ. ಮಾಪಣ್ಣ ಗಾಳಿಯಲ್ಲಿ ಕೈ ಬಿಟ್ಟ. ಅವನ ಅಂಗೈ ಚಾಪೆಗೆ ಬಡಿದ ಸದ್ದು ಇಡೀ ಹಾಲಿಗೆ ಕೇಳಿತು. ಅವನು ಬೆನ್ನ ಮೇಲೆ ಮಲಗಿಕೊಂಡೇ ತನ್ನ ಖಾಲಿ ಕೈಯನ್ನು ಎತ್ತಿ ಮಗಳಿಗೆ ತೋರಿಸಿದ.

ಅತಿಥಿ ಬೇಕೆಂದೇ ತಡಮಾಡಿ ಒಗೆದನೋ ಏನೋ ನನಗೆ ಗೊತ್ತಿಲ್ಲ, ನನಗೆ ಜೂಡೋ ಬರುವುದಿಲ್ಲ. ಗಡಿಯಾರ ಮಾತ್ರ ನನ್ನ ಕೈಯಲ್ಲೂ ಇತ್ತು, ನೋಡಿಕೊಂಡೆ. ಹನ್ನೊಂದು ಸೆಕೆಂಡು. ಇದರಲ್ಲಿ ನಾನು ಒಂದನ್ನೂ ಸೇರಿಸಿಲ್ಲ.